ಪಟ್ಟೆ ಬಣ್ಣದ ಡಬ್ಬಿ

ಸಂಡರ್ಲೆಂಡ್,
೧೭ ನವೆಂಬರ್, ಭಾನುವಾರ

ಅಪ್ಪನಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದು ಆಮೇಲೆ ಗೀಟು ಹಾಕಿದ್ದೇನೆ. ಗೀಟಿನಡಿ ಇನ್ನೂ ಓದಲು ಬರುತ್ತದೆ, ನಿನಗೆ ತೋಚಿದಂತೆ ಅರ್ಥ ಮಾಡಿಕೋ. ಮೊಣಕಾಲು ಹೇಗಿದೆ? ಸ್ಪೇನಿನ ಬಿಸಿಲಿಗೆ ವಾಸಿಯಾಗುತ್ತದೆ ಎಂದು ಹೇಳಿ ಹೋದವನು ನೀನು. ಆರು ವರ್ಷದಲ್ಲಿ ಓಡುವಷ್ಟು ವಾಸಿಯಾಗಿರಬೇಕು, ನಮ್ಮ ಕಡೆಗೆ ಬರುವಷ್ಟು ಮಾತ್ರ ಆಗಿಲ್ಲ. ನಮ್ಮನ್ನು ಬಿಟ್ಟು ನೀನು ಸೇರಿಕೊಂಡ ಮೌರೀನ್ ಅಲ್ಲಿನ ತನ್ನ ಬಾರಿನಲ್ಲಿ ಆ ಸೆಕೆಯಲ್ಲೂ ಭಾನುವಾರಕ್ಕೆ ಹುರಿದ ಮಾಂಸ, ಗ್ರೇವಿ ಮಾಡಿ ಬಡಿಸುತ್ತಾಳಂತೆ, ಮಾರ್ಲೀನ್ ಅತ್ತೆ ಹೇಳಿದರು. ಸುಖವಾಗಿರು. ಅಮ್ಮ ಚೆನ್ನಾಗಿದ್ದಾಳೆ. ನಾನು ಚೆನ್ನಾಗಿಲ್ಲ, ಅದಕ್ಕೇ ಈ ಕಾಗದ. ಫೋನಾದರೆ ನಡುವೆಯೇ ಕುಕ್ಕಿಬಿಡುತ್ತೀಯ, ಕಾಗದಕ್ಕೆ ಆ ಆಟ ನಡೆಯುವುದಿಲ್ಲ.

ಸೆಪ್ಟೆಂಬರಿನಲ್ಲಿ ನ್ಯೂಕ್ಯಾಸಲ್‌ನ ದೊಡ್ಡ ಬ್ಯಾಂಕಿಗೆ ನಾನು ಅಪ್ರೆಂಟಿಸ್ ಆಗಿ ಸೇರಿದ್ದು ನಿನಗೆ ಗೊತ್ತು. ವಾರಕ್ಕೆ ನಾಲ್ಕು ದಿನ ಅವರ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿ ಕೆಲಸ, ಒಂದು ದಿನ ಯೂನಿವರ್ಸಿಟಿಯಲ್ಲಿ ಪಾಠ, ಫೀಸು ಬ್ಯಾಂಕಿನದು, ನಾಲ್ಕು ವರ್ಷಕ್ಕೆ ಡಿಗ್ರಿ. ಕೆಲಸ ಹೋದರೆ ಡಿಗ್ರಿಯೂ ಹೋಯಿತು, ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದಾರೆ. ಕೇಳಲು ಚೆಂದ. ಬ್ಯಾಂಕಿನಲ್ಲಿ ನನ್ನನ್ನು ಸ್ಕೂಲು ಹುಡುಗಿ ಎನ್ನುತ್ತಾರೆ, ತರಗತಿಯಲ್ಲಿ ಬ್ಯಾಂಕಿನವಳು ಎನ್ನುತ್ತಾರೆ. ಅತ್ತ ಹಕ್ಕಿಯೂ ಅಲ್ಲ ಇತ್ತ ಪ್ರಾಣಿಯೂ ಅಲ್ಲ, ಬಾವಲಿಯ ಬಾಳು. ಅಮ್ಮ ಕಟ್ಟಿಕೊಟ್ಟ ಹ್ಯಾಮ್ ಮತ್ತು ಬಟಾಣಿ ಮುದ್ದೆ ತುಂಬಿದ, ನಮ್ಮ ಕಡೆಯ ದಪ್ಪ ಸ್ಟಾಟಿ ರೊಟ್ಟಿ ಬಿಚ್ಚಿದರೆ ಲಂಡನ್ನಿನಿಂದ ಬಂದವರು ಏನದು ಎಂದು ಬಗ್ಗಿ ನೋಡುತ್ತಾರೆ. ಚಹಾ ಮಾಡುವ ಸರದಿ ಎಲ್ಲರಿಗೂ ಇದೆಯಂತೆ, ಬರುವುದು ಮಾತ್ರ ನನ್ನೊಬ್ಬಳಿಗೆ.

ಸೇರಿದ ವಾರವೇ ನಿನ್ನ ಕಾರ್ಡು ಬಂತು. ಮುಂದೆ ಟೋಪಿ ಹಾಕಿದ ಕತ್ತೆ, ಹಿಂದೆ ನಿನ್ನ ಕೋಳಿಕಾಲು ಅಕ್ಷರ. ‘ಅಪ್ರೆಂಟಿಸ್ ಅಂದ್ರೆ ಏನಾದ್ರೂ ತಗೊಂಬಾ ಅಂತ ಕಳಿಸ್ತಾರೆ. ಹೋಗ್ಬೇಡ. ಪಟ್ಟೆ ಬಣ್ಣದ ಡಬ್ಬಿ ನೆನಪಿಟ್ಕೋ.’ ಮರೆಯುವುದು ಹೇಗೆ? ಪ್ರತಿ ಕ್ರಿಸ್ಮಸ್ಸಿಗೂ ನೀನು ಹೇಳುತ್ತಿದ್ದ ಕಥೆ ಅದು. ಹಡಗು ಕಟ್ಟುವ ಯಾರ್ಡಿಗೆ ಸೇರಿದ ಹೊಸದರಲ್ಲಿ ಮೇಸ್ತ್ರಿ ನಿನ್ನನ್ನು ಕರೆದು, ಕೆಂಪು ಬಿಳಿ ಪಟ್ಟೆ ಇರುವ ಬಣ್ಣ ಒಂದು ಡಬ್ಬಿ ತಾ ಎಂದದ್ದು, ಉಗ್ರಾಣದವನು ಇನ್ನೊಂದು ಶೆಡ್ಡಿಗೆ ಅಟ್ಟಿದ್ದು, ಅಲ್ಲಿಯವನು ಮತ್ತೊಂದಕ್ಕೆ ಅಟ್ಟಿದ್ದು, ಸಂಜೆಯ ಹೊತ್ತಿಗೆ ಇಡೀ ಯಾರ್ಡು ಹೊಟ್ಟೆ ಹಿಡಿದುಕೊಂಡು ನಕ್ಕದ್ದು. ಹೇಳುವಾಗ ನೀನೂ ನಗುತ್ತಿದ್ದೆ, ಕಿವಿ ಮಾತ್ರ ಕೆಂಪಾಗುತ್ತಿತ್ತು. ಬ್ಯಾಂಕಿನಲ್ಲೂ ಹಾಗೇ ಆಯಿತು. ನಮ್ಮ ತಂಡದ ಕ್ರೇಗ್ ಒಂದು ದಿನ ಮುಖ ಗಂಟುಹಾಕಿಕೊಂಡು, “ಪುಟ್ಟಿ, ನಮ್ ಕಂಪ್ಯೂಟರ್‌ನಲ್ಲಿ ಸೊನ್ನೆ ಎಲ್ಲಾ ಮುಗಿದು ಬರೀ ಒಂದುಗಳೇ ಉಳಿದಿವೆ, ಮೇಲಕ್ಕೆ ಹೋಗಿ ಒಂದು ಡಬ್ಬಿ ಸೊನ್ನೆ ಇಸ್ಕೊಂಡ್ ಬಾ” ಎಂದ. “ನಿಮ್ಮ ತಲೇಲೇ ಬೇಕಾದಷ್ಟಿದೆಯಲ್ಲ, ಅಲ್ಲಿಂದ್ಲೇ ತಗೊಳ್ಳಿ” ಎಂದೆ. ಎಲ್ಲರೂ ಅವನನ್ನು ನೋಡಿ ನಕ್ಕರು. ಅವತ್ತು ಮೆಟ್ರೋದಲ್ಲಿ ನಿನ್ನ ಕತ್ತೆ ಕಾರ್ಡನ್ನು ಮತ್ತೆ ಓದಿದೆ. ನನಗೂ ಒಬ್ಬ ಅಪ್ಪ ಇದ್ದಾನೆ ಎಂದು ಎಷ್ಟೋ ದಿನದ ಮೇಲೆ ಅನ್ನಿಸಿತು. ಈಗ ಇಷ್ಟು ಸಿಟ್ಟು ಬಂದಿರುವುದು ಅದಕ್ಕೇ.

ಅಕ್ಟೋಬರಿನ ಕೊನೆಯ ದಿನ ಎಲ್ಲರ ಸಂಬಳದ ದಿನ. ಮಧ್ಯಾಹ್ನದ ಹೊತ್ತಿಗೆ ಸಂಬಳವನ್ನು ಖಾತೆಗಳಿಗೆ ಹಂಚುವ ನಮ್ಮ ಪ್ರೋಗ್ರಾಂ ನಿಂತುಹೋಯಿತು. ನಮ್ಮ ಮುಖ್ಯಸ್ಥೆ ಗಿಲಿಯನ್ ಎರಡು ಫೋನು ಹಿಡಿದಿದ್ದರು. ನಡುವೆ ನನ್ನ ಕಡೆ ತಿರುಗಿ, “ಕರ್ಸ್ಟಿ, ಮೇಲಕ್ಕೆ ಓಡು. ಗಾಜು ಒಡೀಬೇಕು ಅಂತ ಡೆರಿಕ್‌ಗೆ ಹೇಳು, ಕೊಟ್ಟಿದ್ದನ್ನ ತಗೊಂಡ್ ಬಾ” ಎಂದರು. ಗಾಜು ಒಡೆಯುವುದು! ನಿನ್ನ ಯಾರ್ಡಿನಲ್ಲಿ ಹೊಸಬರನ್ನು ಗಾಜಿನ ಸುತ್ತಿಗೆ ತರಲು ಕಳಿಸುತ್ತಿದ್ದರಲ್ಲ, ಅದರ ತಮ್ಮನೇ ಇದು ಅಂದುಕೊಂಡೆ. ತಲೆಯಾಡಿಸಿ ನೇರ ಅಡುಗೆಕೋಣೆಗೆ ಹೋದೆ. ನೀರು ಕುದಿಸಿ, ಯಾರಿಗೆ ಎಷ್ಟು ಸಕ್ಕರೆ ಎಂದು ನೆನಪು ಮಾಡಿಕೊಂಡು, ನಿಧಾನವಾಗಿ ಎಲ್ಲರಿಗೂ ಚಹಾ ಮಾಡಿದೆ. ತಟ್ಟೆ ಹಿಡಿದು ಬಂದು ಎಲ್ಲರಿಗೂ ಕೇಳುವ ಹಾಗೆ, “ಗಾಜು ಸಿಗ್ಲಿಲ್ಲ, ಪಟ್ಟೆ ಬಣ್ಣ ಆದ್ರೆ ನಡೆಯುತ್ತಾ?” ಎಂದೆ. ಯಾರೂ ನಗಲಿಲ್ಲ. ಕ್ರೇಗ್ ಎದ್ದು ಮೆಟ್ಟಿಲ ಕಡೆ ಓಡಿದ. ಚಹಾ ಹಾಗೇ ಆರಿತು.

ಗಾಜು ಒಡೆಯುವುದು ನಿಜವಾದ ಕೆಲಸ, ಅಪ್ಪ. ಜನರ ಹಣ ಓಡಾಡುವ ಕಂಪ್ಯೂಟರನ್ನು ನಮ್ಮಲ್ಲಿ ಯಾರೂ ಸುಮ್ಮಸುಮ್ಮನೆ ಮುಟ್ಟುವಂತಿಲ್ಲ. ತೀರಾ ತುರ್ತಿಗೆ ಅಂತ ಒಂದು ಪಾಸ್‌ವರ್ಡನ್ನು ಮೇಲಿನ ಮಹಡಿಯಲ್ಲಿ ಡೆರಿಕ್ ಬಳಿ ಬೀಗ ಹಾಕಿ ಇಟ್ಟಿರುತ್ತಾರೆ, ಯಾರಾದರೂ ಖುದ್ದಾಗಿ ಹೋಗಿ ಸಹಿ ಹಾಕಿ ತರಬೇಕು. ಬೆಂಕಿ ಬಿದ್ದಾಗ ಗಾಜು ಒಡೆದು ಗಂಟೆ ಒತ್ತುತ್ತೇವಲ್ಲ, ಆ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ. ನಾನು ಸಕ್ಕರೆ ಕಲಕುತ್ತಿದ್ದಾಗ ಅಮ್ಮ ಸೂಪರ್ ಮಾರ್ಕೆಟ್ಟಿನ ಕೌಂಟರಿನಲ್ಲಿ ನಿಂತಿದ್ದಳಂತೆ. ಅವಳ ಸಂಬಳ ಬಂದಿರಲಿಲ್ಲ, ಕಾರ್ಡು ನಡೆಯಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಕೆಮ್ಮುತ್ತಿದ್ದರೆ ಅವಳು ಒಂದೊಂದೇ ಸಾಮಾನು ವಾಪಸ್ ಇಟ್ಟು ಬಂದಳು. ಸಂಜೆ, ನಿಮ್ಮ ಬ್ಯಾಂಕಿಗೆ ಇವತ್ತೇನು ಬಡಿದಿತ್ತು ಎಂದು ಕೇಳಿದಳು. ನಾನು ಎದ್ದು ಅವಳಿಗೆ ಚಹಾ ಮಾಡಲು ಹೋದೆ.

ಮೊನ್ನೆ ಗುರುವಾರ ವಿಚಾರಣೆ. ಹೇಳಿದ ಕೆಲಸ ಮಾಡಲಿಲ್ಲ ಎಂಬುದು ಆರೋಪ. ಆ ಮಾತಿನ ಅರ್ಥ ನನಗೆ ಯಾರೂ ಹೇಳಿರಲಿಲ್ಲ ಎಂದೆ, ಕೇಳಬಹುದಿತ್ತಲ್ಲ ಎಂದರು. ಕ್ರೇಗ್‌ನ ಸೊನ್ನೆ ಡಬ್ಬಿಯ ಕಥೆ ಹೇಳಿದೆ, ಅವನು ಅದು ಬರೀ ತಮಾಷೆ ಎಂದು ಗೋಡೆ ನೋಡಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕೊನೆಗೆ ನಿನ್ನ ಕಾರ್ಡಿನ ಮಾತನ್ನೂ ಹೇಳಬೇಕಾಯಿತು. ನಮ್ಮಪ್ಪ ಹೋಗಬೇಡ ಅಂದಿದ್ದ ಎಂದು, ಹತ್ತೊಂಬತ್ತು ವರ್ಷದವಳು, ಅಷ್ಟು ಜನರ ಮುಂದೆ! ಗಿಲಿಯನ್, “ತಮಾಷೆ ಅನ್ಸಿದ್ರೂ ಹೋಗ್ಬೇಕಮ್ಮ. ಏನಾಗುತ್ತೆ, ನಗ್ತಾರೆ. ನಗಿಸ್ಕೊಂಡು ಯಾರೂ ಸತ್ತಿಲ್ಲ. ನೀನು ಹೋಗ್ದೆ ಕೂತ್ರೆ ಪೆಟ್ಟು ಬೀಳೋದು ಬೇರೆಯವರಿಗೆ” ಎಂದರು. ಕೆಲಸದಿಂದ ತೆಗೆದಿಲ್ಲ. ಈಸ್ಟರ್‌ವರೆಗೆ ನನ್ನ ಮೇಲೆ ಕಣ್ಣಿಟ್ಟಿರುತ್ತಾರೆ, ಇನ್ನೊಂದು ತಪ್ಪಾದರೆ ಕೆಲಸ, ಡಿಗ್ರಿ ಎರಡಕ್ಕೂ ಎಳ್ಳುನೀರು. ಆರು ವರ್ಷಕ್ಕೆ ನೀನು ಒಂದು ಬುದ್ಧಿಮಾತು ಕಳಿಸಿದೆ, ಅದೂ ಇಂಥದ್ದು. ಸುಮ್ಮನಿದ್ದಿದ್ದರೆ ಪುಣ್ಯ ಬರುತ್ತಿತ್ತು.

ಬಿಸಿಲಿಗೆ ಟೋಪಿ ಹಾಕಿಕೋ, ಕತ್ತೆಯೇ ಹಾಕಿಕೊಂಡಿದೆ. ಅಮ್ಮ ನಿನಗೆ ಏನಾದರೂ ಹೇಳು ಎನ್ನಲಿಲ್ಲ, ನಾನೂ ಕೇಳಲಿಲ್ಲ. ಮೌರೀನ್‌ಗೆ ನನ್ನ ನೆನಪು ಹೇಳುವ ಅಗತ್ಯವಿಲ್ಲ.

ಏನು ಮಾಡಿದರೂ ನಿನ್ನ ಮಗಳೇ ಆದ,
ಕರ್ಸ್ಟಿ

ವಿ.ಸೂ: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ವಿಳಾಸ ಕೊಡಲು ಮಾರ್ಲೀನ್ ಅತ್ತೆ ಬಂದರು. ನಡೆದದ್ದನ್ನು ಹೇಳಿದೆ. ನಗುತ್ತಾರೆ ಅಂದುಕೊಂಡರೆ ಕುರ್ಚಿ ಎಳೆದು ಕೂತುಬಿಟ್ಟರು. “ನಾರ್ಮನ್ ಕೈ ವಿಷ್ಯ ನಿಮ್ಮಪ್ಪ ಹೇಳ್ಲೇ ಇಲ್ವಾ?” ಎಂದರು. ನೀನು ಯಾವತ್ತೂ ಹೇಳಲಿಲ್ಲ. ಯಾರ್ಡು ಮುಚ್ಚಿದ್ದಕ್ಕೆ ಕೆಲಸ ಹೋಯಿತು ಎಂದೇ ಹೇಳುತ್ತಿದ್ದೆ. ಪಟ್ಟೆ ಬಣ್ಣದ ಮಾರನೆಯ ವಾರ, ನಿನಗೆ ಕೆಲಸ ಕಲಿಸುತ್ತಿದ್ದ ನಾರ್ಮನ್ ಬೆಸುಗೆಯ ಗ್ಯಾಸ್ ಸಿಲಿಂಡರ್ ಮುಚ್ಚುವ ಕೀಲಿ ತಾ ಎಂದು ಕೂಗಿದರೆ, ನೀನು ಅದೂ ತಮಾಷೆ ಎಂದು ಪೆಟ್ಟಿಗೆಯ ಮೇಲೆ ಕೂತು ಸಿಗರೇಟು ಹಚ್ಚಿದೆಯಂತೆ. ಮುಚ್ಚಲು ತಡವಾಗಿ ಗ್ಯಾಸ್ ಹೊತ್ತಿಕೊಂಡು ಅವನ ಬಲಗೈ ಸುಟ್ಟಿತು. ನೀನು ಅವತ್ತೇ ಯಾರ್ಡು ಬಿಟ್ಟೆ, ಯಾರ್ಡು ಮುಚ್ಚಿದ್ದು ಆಮೇಲೆ. ಹೋಗದಿದ್ದರೆ ಏನಾಗುತ್ತದೆ ಎಂದು ನಮ್ಮ ಮನೆಯಲ್ಲಿ ಗೊತ್ತಿದ್ದವನು ನೀನೊಬ್ಬನೇ, ನೀನೇ ನನಗೆ ಹೋಗಬೇಡ ಎಂದು ಬರೆದೆ. ನಾರ್ಮನ್ ಈಗ ಇಲ್ಲೇ ಸಮುದ್ರದ ದಂಡೆಯ ವೃದ್ಧಾಶ್ರಮದಲ್ಲಿದ್ದಾನೆ. ಅತ್ತೆ ಹೋದಾಗಲೆಲ್ಲ ನಿನ್ನನ್ನೇ ಕೇಳುತ್ತಾನಂತೆ, ಇನ್ನು ಹೆಚ್ಚು ದಿನ ಇಲ್ಲವಂತೆ. ಅಪ್ಪ, ಈ ಸಲ ನಿನ್ನನ್ನು ಕಳಿಸುತ್ತಿರುವವಳು ನಾನು. ತಮಾಷೆಯಲ್ಲ. ಹೋಗು.