ಮಿಂಚುಳ್ಳಿಗೆ ಹೇಳಿದ ಮಾತು

ಅಕ್ಟೋಬರ್ ೨೮, ಮಂಗಳವಾರ

ನನ್ನ ಬಾಯಿಗೊಂದು ಬೀಗ ಹಾಕಬೇಕು. ಬೆಳಗಿನಿಂದ ಇದೇ ಕೊರೆಯುತ್ತಿದೆ.

ಮನೆ ಹಿಂದಿನ ಹೊಂಡದ ಮೇಲೆ ಬಾಗಿದ ಕೊಂಬೆಗೆ ಆ ಮಿಂಚುಳ್ಳಿ ಬರಲೆಂದು ಒಂಬತ್ತು ದಿನ ಕಾದಿದ್ದೆ. ಇವತ್ತು ಬಂತು. ಎಲೆಗಳೆಲ್ಲ ಹಳದಿಗೆ ತಿರುಗಿವೆ, ಹಿಂದೆ ತೊಳೆದಿಟ್ಟಂಥ ಆಕಾಶ, ನಡುವೆ ಆ ನೀಲಿ. ಕೊಕ್ಕನ್ನು ಎದೆಗೆ ಒತ್ತಿಕೊಂಡು ಕೂತಿತ್ತು. ನನ್ನ ಬೆರಳು ಕ್ಯಾಮೆರಾದ ಗುಂಡಿಯ ಮೇಲಿತ್ತು. ಆಗ ಬಾಯಿಂದ ತಾನಾಗಿ ಬಂದುಬಿಟ್ಟಿತು: "ಗದ್ದ ಸ್ವಲ್ಪ ಮೇಲೆ. ಅಲ್ಲಾಡ್ಬೇಡಿ."

ಹಕ್ಕಿ ಪುರ್ರನೆ ಹಾರಿತು. ಮೂವತ್ತೊಂದು ವರ್ಷ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದವನ ಹಣೆಬರಹ. ಹಕ್ಕಿಗೆ ಬಹುವಚನ ಬೇರೆ!

ಹಿತ್ತಿಲಲ್ಲಿ ಎಲೆ ಗುಡಿಸುತ್ತಿದ್ದ ನನ್ನವಳಿಗೆ ಕೇಳಿಸಿತು. "ಏನ್ರೀ, ಎರಡೂ ಕಿವಿ ಕಾಣ್ಬೇಕು ಅಂತ ಹೇಳೋದು ಮರೆತ್ರಾ?" ಎಂದು ಪೊರಕೆ ಊರಿಕೊಂಡು ನಗತೊಡಗಿದಳು. ಕ್ಯಾಮೆರಾ ಕಂಡರೆ ಮುಖ ಬಿಗಿದುಕೊಳ್ಳುವವಳು. ಮದುವೆಯಾದಾಗಿನಿಂದ ತೆಗೆದ ಎಲ್ಲ ಫೋಟೋದಲ್ಲೂ ಅರ್ಜಿಗೆ ಅಂಟಿಸುವ ಮುಖವೇ. ನಾನು ಕ್ಯಾಮೆರಾ ಅವಳತ್ತ ತಿರುಗಿಸಿ ಗುಂಡಿ ಒತ್ತಿದೆ. ಈ ಸಲ ನಾನು ತುಟಿಪಿಟಕ್ಕೆನ್ನಲಿಲ್ಲ.

ಈಗ ಅದನ್ನೇ ನೋಡುತ್ತಿದ್ದೇನೆ. ಗದ್ದ ವಾರೆ, ಕಣ್ಣು ಮುಚ್ಚಿದೆ, ಒಂದು ಕಿವಿ ಕೂದಲಲ್ಲಿ ಮರೆ, ತಲೆ ಮೇಲೊಂದು ಹಳದಿ ಎಲೆ. ಗಿರಾಕಿಯದಾಗಿದ್ದರೆ ಅಳಿಸಿ ಇನ್ನೊಂದು ತೆಗೆಯುತ್ತಿದ್ದೆ. ಇದನ್ನು ಅಳಿಸುವುದಿಲ್ಲ.

ಅಂದರೆ, ಇಷ್ಟು ವರ್ಷ ಅವಳು ಮುಖ ಬಿಗಿದುಕೊಂಡದ್ದು ಕ್ಯಾಮೆರಾ ಕಂಡು ಅಲ್ಲ. ನನ್ನ ಮಾತು ಕೇಳಿ.