ಲೈನಿನಲ್ಲಿ ಹೇಳು

ಫೆಬ್ರವರಿ 6, ಬೆಳಿಗ್ಗೆ

ಇವತ್ತೂ ಹಾಲ್ ಬೀಗ ತೆಗೆದದ್ದು ನಾನೇ. ಮ್ಯಾಟ್ ಹಾಸಿದೆ, ಬೀಮ್ ಒರೆಸಿದೆ, ಕೈಗೆ ಹಚ್ಚುವ ಪೌಡರ್ ಡಬ್ಬಿ ತುಂಬಿಸಿದೆ. ಅಸಿಸ್ಟೆಂಟ್ ಕೋಚ್ ಅಂತ ಹೆಸರು ದೊಡ್ಡದು, ಕೈಯಲ್ಲಿ ಮಾತ್ರ ಸದಾ ಪೊರಕೆ. ಗೊಣಗಾಟವಲ್ಲ. ಮಕ್ಕಳು ಬರುವ ಮೊದಲು ಖಾಲಿ ಜಿಮ್ನಾಸ್ಟಿಕ್ಸ್ ಹಾಲ್‌ನಲ್ಲಿ ಒಬ್ಬಳೇ ಓಡಾಡುವುದು ನನಗೆ ಇಷ್ಟ.

ಗೋಡೆಯ ಗಾದೆಗೆ ದೊಡ್ಡ ಸರ್ ಹೊಸ ಬಣ್ಣ ಹೊಡೆಸಿದ್ದಾರೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಈ ಕ್ಲಬ್ ಕಟ್ಟಿದವರು ಅವರು. ನನ್ನನ್ನೂ ಇದೇ ಗೋಡೆಯ ಕೆಳಗೆ ಬಗ್ಗಿಸಿ ಬೆಳೆಸಿದವರು. ಈಗ ಸೊಂಟಕ್ಕೆ ಬಿಸಿನೀರಿನ ಚೀಲ ಇಲ್ಲದೆ ನನಗೆ ನಿದ್ದೆ ಬರುವುದಿಲ್ಲ, ಆ ಮಾತು ಬೇರೆ.

ಮಿಡತೆ ಇವತ್ತು ಅಂಗೈ ಅಗಲದ ಬೀಮ್ ಮೇಲೆ ಹಿಂದಕ್ಕೆ ಬಾಗಿ, ಕೈಯೂರಿ, ಕಾಲು ದಾಟಿಸಿ ನೆಟ್ಟಗೆ ನಿಂತಳು. ಅಕ್ಕನ ಮಗಳು, ಹನ್ನೆರಡು ವರ್ಷ. ಮಾತು ಬರುವ ಮೊದಲೇ ಸೋಫಾದಿಂದ ಹಾರಲು ಶುರುಮಾಡಿದಳೆಂದು ಭಾವ ಇಟ್ಟ ಹೆಸರು. ನಿಂತವಳೇ “ಚಿಕ್ಕಮ್ಮಾ, ನೋಡ್ದ್ಯಾ?” ಎಂದು ಕೂಗಿದಳು. ಗಾಜಿನ ಗೋಡೆಯಾಚೆ ಕೂತಿದ್ದ ತಾಯಂದಿರೆಲ್ಲ ನನ್ನ ಕಡೆ ತಿರುಗಿದರು.

“ಹಾಲ್ ಒಳಗೆ ಚಿಕ್ಕಮ್ಮ ಇಲ್ಲ. ಮೇಡಂ ಅನ್ನು.”

ಮುಖ ಸಪ್ಪೆಯಾಯಿತು. ಆಗಲಿ. ‘ಸ್ವಂತ ಅಕ್ಕನ ಮಗಳು, ಸೆಲೆಕ್ಟ್ ಆಗದೆ ಇರ್ತಾಳಾ’ ಎಂಬ ಮಾತು ಈಗಾಗಲೇ ನನ್ನ ಕಿವಿಗೆ ಬಿದ್ದಿದೆ. ಆಡುವವರ ಬಾಯಿಗೆ ನಾನೇ ಯಾಕೆ ಅವಲಕ್ಕಿ ಹಾಕಲಿ.

ಮನೆಯಲ್ಲಿ ಅದಕ್ಕೆ ತಿರುಗುಮುರುಗು ರೂಲ್ — ಅಲ್ಲಿ ಹಾಲ್ ಮಾತು ಎತ್ತುವಂತಿಲ್ಲ. ಪಾಪ ಅಕ್ಕ ಭಾವನಿಗೂ ಊಟದ ಹೊತ್ತಿನಲ್ಲಾದರೂ ನೆಮ್ಮದಿ ಬೇಡವೇ. ಒಳ್ಳೆಯ ರೂಲ್. ಎರಡೂ ನಾನೇ ಮಾಡಿದ್ದು.

ಫೆಬ್ರವರಿ 18

ಎರಡು ಜಡೆಯ ಹೊಸ ಹುಡುಗಿ ಇವತ್ತು ಸಂಜೆ ಲೈನಿನಲ್ಲಿ ಕೈ ಎತ್ತಿಬಿಟ್ಟಳು. ಪಾಪ, ಅವಳಿಗೆ ಇನ್ನೂ ಗೊತ್ತಿಲ್ಲ.

ದಿನಾ ಪ್ರ್ಯಾಕ್ಟೀಸ್ ಮುಗಿದ ಮೇಲೆ ಮಕ್ಕಳು ಸಾಲಾಗಿ ನಿಲ್ಲಬೇಕು. ದೊಡ್ಡ ಸರ್ ಕೇಳುತ್ತಾರೆ, “ಯಾರಿಗೆ ನೋವು?” ಕೈ ಎತ್ತಿದವರಿಗೆ ಬೈಯುವುದಿಲ್ಲ, ಹೊಡೆಯುವುದಂತೂ ಇಲ್ಲವೇ ಇಲ್ಲ. ಮರುದಿನ ಗೋಡೆಗೆ ಮುಖ ಮಾಡಿದ ಬೆಂಚಿನ ಮೇಲೆ ರೆಸ್ಟ್, ಅಷ್ಟೇ. ಸೆಲೆಕ್ಷನ್ ಬಂದಾಗ ಬೆಂಚಿನಲ್ಲಿ ಕೂತವರ ಹೆಸರು ಮಾತ್ರ ಸರ್ ಬಾಯಿಗೆ ಬರುವುದಿಲ್ಲ. ಹಳಬರು ಯಾರೂ ಕೈ ಎತ್ತುವುದಿಲ್ಲ. ನಾನೂ ಎತ್ತಿದವಳಲ್ಲ.

ಎರಡು ಜಡೆಗೆ ಹಿಮ್ಮಡಿ ನೋವಂತೆ. ನಾಳೆ ಬೆಂಚು. ಮಿಡತೆ ಅವಳನ್ನೇ ನೋಡುತ್ತಿದ್ದಳು.

ಮಾರ್ಚ್ 3, ಸಂಜೆ

ಸೆಲೆಕ್ಷನ್ ಟ್ರಯಲ್ಸ್ ಹತ್ತಿರ ಬಂತು. ಸರ್ ಮಿಡತೆಯ ಮೇಲೆ ಬೆಟ್ಟದಷ್ಟು ಆಸೆ ಇಟ್ಟಿದ್ದಾರೆ. “ನಿನಗೆ ಆಗದೆ ಹೋದದ್ದು ಇವಳಿಂದ ಆಗತ್ತೆ ನೋಡು,” ಅಂದರು. ಹೊಗಳಿದರೋ ತಿವಿದರೋ ಗೊತ್ತಾಗಲಿಲ್ಲ. ಎರಡೂ ಇರಬೇಕು. ಒಳಗೊಳಗೆ ಹಿಗ್ಗಿದೆ ಅನ್ನುವುದು ಸುಳ್ಳಲ್ಲ.

ಅವಳ ಮಣಿಕಟ್ಟಿಗೆ ಟೇಪ್ ಸುತ್ತುತ್ತಿದ್ದೆ. ತಲೆ ಬಗ್ಗಿಸಿ, ಮೆಲ್ಲಗೆ, “ಮೇಡಂ, ಬೆನ್ನು ನೋಯ್ತಿದೆ. ಕೆಳಗಡೆ. ಹಿಂದಕ್ಕೆ ಬಗ್ಗಿದಾಗ ಚುಚ್ಚತ್ತೆ,” ಅಂದಳು.

ಗಾಜಿನಾಚೆ ಜನ. ಪಕ್ಕದಲ್ಲಿ ಸಾಲಾಗಿ ಮಕ್ಕಳು, ಎಲ್ಲರ ಕಿವಿಯೂ ಇತ್ತಲೇ.

“ನೋವಿದ್ರೆ ಲೈನಲ್ಲಿ ಹೇಳು. ನನ್ನ ಹತ್ರ ಗುಟ್ಟಾಗಿ ಬೇಡ. ನಿನಗೊಂದು ನ್ಯಾಯ, ಬೇರೆಯವರಿಗೊಂದು ನ್ಯಾಯ ಇಲ್ಲ ಇಲ್ಲಿ.”

ಲೈನಿನಲ್ಲಿ ಕೈ ಎತ್ತಲಿಲ್ಲ. ಹಾಗಾದರೆ ಅಷ್ಟೇನೂ ಇಲ್ಲ ಎಂದಾಯಿತು.

ಮಾರ್ಚ್ 9, ಭಾನುವಾರ

ಮಧ್ಯಾಹ್ನ ಅಕ್ಕನ ಮನೆ. ಹೊಟ್ಟೆ ಬಿರಿಯುವಷ್ಟು ಊಟ. ಭಾವನ ಹಳೇ ಜೋಕುಗಳು, ಅವಕ್ಕೆ ಅಕ್ಕನ ಹಳೇ ನಗು. ಪಾತ್ರೆ ತೊಳೆಯಲು ಮಿಡತೆ ಜೊತೆಗೆ ಬಂದಳು. ಬಗ್ಗಿ ತಟ್ಟೆ ಎತ್ತಿಕೊಂಡವಳು ಸಿಂಕಿನ ಅಂಚು ಹಿಡಿದು ನಿಧಾನಕ್ಕೆ ನೆಟ್ಟಗಾದಳು.

“ಚಿಕ್ಕಮ್ಮ, ಬೆನ್ನು ಇನ್ನೂ...”

“ಏಯ್. ಮನೇಲಿ ಹಾಲ್ ಮಾತು ಬೇಡ ಅಂತ ರೂಲ್ ಮಾಡಿದ್ದು ಯಾರು?”

“ನೀನೇ.”

“ಮತ್ತೆ?”

ನಗೆ ಬಂತು ನನಗೆ. ಅವಳೂ ನಕ್ಕಳು. ನಡುಮನೆಯಿಂದ ಅಕ್ಕ, “ಏನ್ರೇ ಅದು ಚಿಕ್ಕಮ್ಮ ಮಗಳ ಗುಟ್ಟು?” ಅಂತ ಕೂಗಿದಳು. “ಏನಿಲ್ಲಮ್ಮ,” ಅಂದಳು ಮಿಡತೆ.

ಮಾರ್ಚ್ 21

ನಾಳೆ ಟ್ರಯಲ್ಸ್. ಪೌಡರ್ ಸಾಕಷ್ಟಿದೆ. ಟೇಪ್ ತರಬೇಕು.

ಮಾರ್ಚ್ 22

ಬರೆಯಲು ಆಗುತ್ತಿಲ್ಲ.

ಮಾರ್ಚ್ 23

ಬಿದ್ದಿದ್ದರೆ ಬಿದ್ದಳು ಅನ್ನಬಹುದಿತ್ತು. ಬೀಳಲಿಲ್ಲ. ಬೀಮ್ ಮೇಲೆ ಹಿಂದಕ್ಕೆ ಬಾಗಿದಳು, ಕೈಯೂರಿದಳು, ಹಾಗೆಯೇ ನಿಂತುಬಿಟ್ಟಳು. ಮೇಲೇಳಲೂ ಆಗದು, ಇಳಿಯಲೂ ಆಗದು. ಬಾಯಿಂದ ಸಣ್ಣ ಸದ್ದು. ಸರ್ ಕೆಳಗಿನಿಂದ, “ಎದ್ದೇಳು, ಎದ್ದೇಳು. ನಾಟಕ ಸಾಕು,” ಅಂದರು.

“ಮೇಡಂ,” ಎಂದು ಕರೆದಳು. ಅಂಥ ನೋವಿನಲ್ಲೂ ಮೇಡಂ. ನಾನು ಕಲಿಸಿದ ಪಾಠ ಮರೆತಿರಲಿಲ್ಲ.

ಓಡಬೇಕಿತ್ತು. ಮೊದಲು ಗಾಜಿನ ಕಡೆ ನೋಡಿದೆ. ಯಾರು ಯಾರು ನೋಡುತ್ತಿದ್ದಾರೆ ಅಂತ. ಆಮೇಲೆ ಓಡಿದೆ. ಎತ್ತಿ ಮ್ಯಾಟ್ ಮೇಲೆ ಮಲಗಿಸುವಾಗ ನನ್ನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಬಿಡಿಸಿಕೊಳ್ಳಲು ಅಕ್ಕ ಬರಬೇಕಾಯಿತು.

ಮಾರ್ಚ್ 26

ಮೂಳೆ ಡಾಕ್ಟರು ಸ್ಕ್ಯಾನ್ ಫಿಲ್ಮನ್ನು ದೀಪಕ್ಕೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು. ಬೆನ್ನುಮೂಳೆಯ ಕೆಳಭಾಗದಲ್ಲಿ ಬಿರುಕು. ಒಂದು ದಿನದ್ದಲ್ಲ. ಬಗ್ಗಿ ಬಗ್ಗಿ, ಅದರ ಮೇಲೇ ಮತ್ತೆ ಬಗ್ಗಿ ಆದದ್ದು. “ಮೊದಲೇ ರೆಸ್ಟ್ ಕೊಟ್ಟಿದ್ರೆ ತಾನಾಗೇ ಕೂಡಿಕೊಳ್ತಿತ್ತು.” ಉಗುರಿನಲ್ಲಿ ಹೋಗುವುದಕ್ಕೆ ಈಗ ಕೊಡಲಿ. ಇನ್ನು ಬೆನ್ನಿಗೆ ಬೆಲ್ಟು, ತಿಂಗಳುಗಟ್ಟಲೆ. ನಡೆಯುತ್ತಾಳೆ, ಓಡುತ್ತಾಳೆ. ಬೀಮ್ ಮಾತ್ರ ಮರೆತುಬಿಡಿ ಅಂದರು.

ಆಮೇಲೆ ಕೇಳಿದರು, “ಇಷ್ಟು ನೋವು ಇಟ್ಕೊಂಡು ಮಗು ಯಾರಿಗೂ ಹೇಳ್ಲಿಲ್ವಾ?”

ದೊಡ್ಡ ಸರ್ ಜೊತೆಯಲ್ಲೇ ಬಂದಿದ್ದರು. “ದಿನಾ ಲೈನಲ್ಲಿ ಕೇಳ್ತೀವಿ ಡಾಕ್ಟ್ರೇ. ಒಂದು ದಿನಾನೂ ಕೈ ಎತ್ತಿಲ್ಲ.”

ಅಕ್ಕ ಅಳುತ್ತಲೇ ಮಗಳನ್ನು ಗದರಿಸಿದಳು. “ಯಾಕೇ ಹೇಳ್ಲಿಲ್ಲ? ಬಾಯಿ ಇರ್ಲಿಲ್ವಾ ನಿಂಗೆ?”

ಮಿಡತೆ ನನ್ನ ಕಡೆ ನೋಡಿದಳು. ನಾನು ಫಿಲ್ಮ್ ನೋಡಿದೆ.

“ಹೇಳಿದ್ದೆ ಅನ್ಸತ್ತೆ,” ಅಂದಳು.

“ಯಾರಿಗೆ?”

“...ನೆನಪಿಲ್ಲ.”

ಒಂದು ಮಾತು ಸಾಕಿತ್ತು. ‘ನನಗೆ ಹೇಳಿದ್ದಳು’ ಅಂತ, ಅಷ್ಟೇ. ಡಾಕ್ಟರ ಕೈಯಿಂದ ಫಿಲ್ಮ್ ಇಸಿದುಕೊಂಡು ಕವರಿಗೆ ಹಾಕಿದೆ.

ಏಪ್ರಿಲ್ 11

ಈ ಪುಸ್ತಕ ತೆರೆಯುವುದು, ಮುಚ್ಚುವುದು. ಅದೇ ಆಯಿತು ಇಷ್ಟು ದಿನ.

ಇವತ್ತು ಅವಳನ್ನು ನೋಡಲು ಹೋಗಿದ್ದೆ. ಬೆಲ್ಟು ಎದೆಯಿಂದ ಸೊಂಟದವರೆಗೆ. ಕೂತರೂ ಕಂಬದ ಹಾಗೆ ಕೂರಬೇಕು. ಹುಟ್ಟಿದಾಗಿನಿಂದ ಒಂದು ಗಳಿಗೆ ಒಂದು ಕಡೆ ಕೂರದ ಹುಡುಗಿ. “ಅಮ್ಮ ಹೇಳೋದು ಸರಿ,” ಅಂದಳು ತಾನಾಗಿಯೇ. “ನಾನೇ ಸರಿಯಾಗಿ ಹೇಳ್ಲಿಲ್ಲ ಅನ್ಸತ್ತೆ. ಹೇಳಿದ್ದೂ ಬರೀ ಕನಸೋ ಏನೋ.”

ಇದನ್ನು ಕೇಳಿಯೂ ಹಣ್ಣು ಹೆಚ್ಚುತ್ತಾ ಕೂತಿದ್ದೆ. ನನ್ನನ್ನು ನಾನೇ ಏನೆಂದು ಕರೆದುಕೊಳ್ಳಲಿ? ಮಗುವಿನ ಬೆನ್ನು ಮುರಿದದ್ದು ಸಾಲದೆಂದು ಅದರ ನೆನಪನ್ನೂ ಮುರಿಯುತ್ತಿದ್ದೇನೆ.

ಭಾವ ಕ್ಲಬ್ ಮೇಲೆ ದೂರು ಕೊಟ್ಟಿದ್ದಾರೆ. ಮುಂದಿನ ವಾರ ಕಮಿಟಿ ವಿಚಾರಣೆ. ಸಂಜೆ ಸರ್ ಫೋನು.

“ನೀನು ನಮ್ಮನೆ ಹುಡುಗಿ ಇದ್ದ ಹಾಗೆ. ಲೈನಲ್ಲಿ ಅವಳು ಕೈ ಎತ್ತಿಲ್ಲ ಅಂತ ಹೇಳು, ಸಾಕು. ಸುಳ್ಳು ಹೇಳು ಅಂತಿಲ್ಲಮ್ಮ ನಾನು. ನಿಜ ತಾನೇ ಅದು?”

ನಿಜವೇ. ಅದೇ ಕಷ್ಟ. ಸುಳ್ಳು ಹೇಳು ಅಂದಿದ್ದರೆ ಫೋನ್ ಕುಕ್ಕಿಬಿಡುತ್ತಿದ್ದೆ. “ನೋಡ್ತೀನಿ ಸರ್,” ಅಂದೆ.

ಏಪ್ರಿಲ್ 16, ಬೆಳಿಗ್ಗೆ

ಹತ್ತಕ್ಕೆ ವಿಚಾರಣೆ. ಇಸ್ತ್ರಿ ಮಾಡಿದ ಅಂಗಿ ಮತ್ತೆ ಇಸ್ತ್ರಿ ಮಾಡಿದೆ. ಹೇಳಿದರೆ ಹಾಲ್ ಹೋಯಿತು. ಬೇರೆ ಕೆಲಸ ನನಗೆ ಬರುವುದಿಲ್ಲ. ಹೇಳದಿದ್ದರೆ ಅವಳು ಜನ್ಮವಿಡೀ ತನ್ನದೇ ತಪ್ಪು ಅಂದುಕೊಂಡು ಬೆಳೆಯುತ್ತಾಳೆ. ತಕ್ಕಡಿಯಲ್ಲಿಟ್ಟು ತೂಗುವ ಮಾತೇ ಇದು? ಆದರೂ ತೂಗುತ್ತಿದ್ದೇನೆ. ಎಂಥ ಹೆಂಗಸು ನಾನು.

ಏಪ್ರಿಲ್ 16, ಸಂಜೆ

ಹೇಳಿದೆ.

ಅಧ್ಯಕ್ಷರು ಹಲ್ಲಿನ ಡಾಕ್ಟರು. ಎಲ್ಲರ ಬಾಯಿ ತೆಗೆಸುವವರು. ನಾನು ಬಾಯಿ ತೆರೆದಾಗ ಮಾತ್ರ ಅವರ ಮುಖ ಹುಳ್ಳಗಾಯಿತು. ಟೇಪ್ ಸುತ್ತುವಾಗ ಮಿಡತೆ ಹೇಳಿದ್ದು, ಸಿಂಕಿನ ಹತ್ತಿರ ಹೇಳಿದ್ದು, ನಾನು ಕೊಟ್ಟ ಉತ್ತರ, ಎಲ್ಲ. ಭಾವ ಎದುರಿಗೇ ಕೂತಿದ್ದರು. ಸಿಂಕಿನ ಮಾತು ಬಂದಾಗ ಎದ್ದು ಹೊರಗೆ ಹೋದರು.

“ಹಾಗಾದ್ರೆ ತಪ್ಪು ನಿಮ್ದು,” ಅಂದರು ಅಧ್ಯಕ್ಷರು. ಉಸಿರು ಬಿಟ್ಟ ಹಾಗಿತ್ತು ಅವರ ದನಿ.

“ನನ್ನದೂ ಹೌದು. ಆ ಬೆಂಚು ಇರೋವರೆಗೆ ಯಾವ ಮಗೂನೂ ಕೈ ಎತ್ತಲ್ಲ ಸರ್. ನಾಳೆ ಬಂದು ಲೈನಲ್ಲಿ ನೀವೇ ನಿಂತು ನೋಡಿ.”

ದೊಡ್ಡ ಸರ್ ನಕ್ಕರು. “ಬೆಂಚಲ್ಲಿ ಕೂತ್ರೆ ಬೆನ್ನು ಮುರಿಯತ್ತಾ?” ಎಲ್ಲರೂ ನಕ್ಕರು. ಅಲ್ಲಿಗೆ ಬೆಂಚಿನ ಮಾತು ಮುಗಿಯಿತು. ನನ್ನನ್ನು ತೆಗೆದುಹಾಕಿದರು. ಮಕ್ಕಳ ಸುರಕ್ಷತೆಯೇ ಕ್ಲಬ್‌ನ ಉಸಿರು ಎಂದು ಅಧ್ಯಕ್ಷರು ಸಣ್ಣ ಭಾಷಣ ಮಾಡಿದರು. ಬೀಗದ ಕೈ ಮೇಜಿನ ಮೇಲಿಟ್ಟು ಬಂದೆ.

ಮೆಟ್ಟಿಲ ಹತ್ತಿರ ಎರಡು ಜಡೆಯ ತಾಯಿ ಕಾಯುತ್ತಿದ್ದರು. ಮಗಳ ಹಿಮ್ಮಡಿ ಇನ್ನೂ ನೋವಂತೆ. “ಅವಳನ್ನ ಇಲ್ಲಿಂದ ಕರ್ಕೊಂಡು ಹೋಗಲಾ ಮೇಡಂ?” ಅಂತ ಕೇಳಿದರು. ಕರ್ಕೊಂಡು ಹೋಗಿ, ಮೊದಲು ಡಾಕ್ಟರ ಹತ್ತಿರ, ಇವತ್ತೇ, ಅಂದೆ. ಇಷ್ಟು ವರ್ಷದಲ್ಲಿ ಆ ಕಟ್ಟಡದಲ್ಲಿ ನಾನು ಮಾಡಿದ ಸರಿಯಾದ ಕೋಚಿಂಗ್ ಅದೊಂದೇ ಇರಬೇಕು.

ಏಪ್ರಿಲ್ 17

ಭಾವ ನಿನ್ನೆಯೇ ಮನೆಯಲ್ಲಿ ಹೇಳಿರಬೇಕು. ಅಕ್ಕ ಬಾಗಿಲು ತೆಗೆದವಳು ಒಳಗೆ ಬಾ ಅನ್ನಲಿಲ್ಲ.

“ಬೇರೆ ಯಾರಾದ್ರೂ ಆಗಿದ್ರೆ ಸುಮ್ನೆ ಬಿಡ್ತಿರ್ಲಿಲ್ಲ ನಾನು. ನೀನಿದೀಯ ಅಂತ ಧೈರ್ಯವಾಗಿ ಕಳಿಸಿದ್ನಲ್ಲೇ. ಬೇಲೀನೇ ಎದ್ದು ಹೊಲ ಮೇಯ್ತು.”

ತಲೆ ತಗ್ಗಿಸಿ ನಿಂತೆ. ಅಕ್ಕ ಅತ್ತು, ಮೂಗು ಒರೆಸಿಕೊಂಡು, “ಒಳಗಿದಾಳೆ. ಹೋಗು. ಅವಳಿಗೆ ನೀನೇ ಹೇಳು,” ಅಂತ ಪಕ್ಕಕ್ಕೆ ಸರಿದಳು.

ಕಿಟಕಿಯ ಹತ್ತಿರ ಕೂತಿದ್ದಳು ಮಿಡತೆ. ಬೆಲ್ಟಿನ ಪಟ್ಟಿ ಎಳೆಯುವುದು, ಬಿಡುವುದು. ಪಕ್ಕದಲ್ಲಿ ಕೂತೆ. ಇದ್ದದ್ದನ್ನು ಹೇಳಿದೆ.

“ನೀನು ಹೇಳಿದ್ದೆ ಪುಟ್ಟಾ. ನನಗೇ ಹೇಳಿದ್ದೆ. ಹಾಲಲ್ಲೂ, ಈ ಮನೇಲೂ. ಕನಸಲ್ಲ ಅದು. ನಿನ್ನೆ ಎಲ್ಲರೆದುರು ಒಪ್ಕೊಂಡೆ. ನಿಂದೇನೂ ತಪ್ಪಿಲ್ಲ.”

ಹಗುರಾಗುತ್ತಾಳೆ ಅಂದುಕೊಂಡಿದ್ದೆ. ಬೈದರೂ ಬೈಯಲಿ ಅಂದುಕೊಂಡಿದ್ದೆ. ಪಟ್ಟಿ ಎಳೆಯುವುದನ್ನು ನಿಲ್ಲಿಸಿದಳು.

“ನಂಗೆ ನೆನಪಿತ್ತು,” ಅಂದಳು.

“ಮತ್ತೆ ಕನಸು ಅಂದ್ಯಲ್ಲ?”

“ಹಂಗಂದ್ಕೊಂಡ್ರೆ ಪರವಾಗಿಲ್ಲ ಅನ್ಸ್ತಿತ್ತು. ನಾನು ಮೆತ್ತಗೆ ಹೇಳಿದೆ, ನಿಂಗೆ ಸರಿಯಾಗಿ ಕೇಳಿಸ್ಲಿಲ್ಲ ಅಂತ.” ಬೆಲ್ಟಿನ ಸಮೇತ ಇಡೀ ಮೈ ನನ್ನ ಕಡೆ ತಿರುಗಿಸಿ, “ಕೇಳಿಸಿದ್ರೆ ನೀನು ಸುಮ್ನೆ ಇರ್ತಿರ್ಲಿಲ್ಲ, ಅಲ್ವಾ ಚಿಕ್ಕಮ್ಮ?” ಅಂದಳು.

ನನ್ನ ಮುಖವನ್ನೇ ನೋಡುತ್ತಿದ್ದಳು. ಹೌದು ಅನ್ನಲಿ ಅಂತ. ಸರಿಯಾಗಿ ಕೇಳಿಸಿರಲಿಲ್ಲ ಅಂತ ಒಂದೇ ಒಂದು ಸುಳ್ಳು.

ಇಷ್ಟು ದಿನ ಆ ನೋವಿನಲ್ಲಿ ಅವಳು ಒರಗಿಕೊಂಡಿದ್ದದ್ದು ಅದೊಂದಕ್ಕೇ. ಚಿಕ್ಕಮ್ಮನಿಗೆ ಕೇಳಿಸಿಲ್ಲ. ನಾನು ಇವತ್ತು ದೊಡ್ಡದಾಗಿ ನಿಜ ಹೇಳಲು ಹೋಗಿ ಅದನ್ನೂ ಕಿತ್ತುಕೊಂಡೆ.