ಕಸದ ಡಬ್ಬಿಗೆ ನಾನು ಕೊಟ್ಟ ಆಮಂತ್ರಣ

ಶುಕ್ರವಾರ, 11 ಜುಲೈ 2025, ಇಳಕಲ್

ನಿದ್ದೆ ಹತ್ತುತ್ತಿಲ್ಲ. ನಗರಸಭೆಯ ದೊಡ್ಡ ಕಸದ ಡಬ್ಬಿ ಎಲ್ಲಿಡಬೇಕೆಂದು ಇವತ್ತಿನ ವಾರ್ಡ್ ಸಭೆಯಲ್ಲಿ ಕೇಳಿದಾಗ ಓಣಿಯವರೆಲ್ಲ ತಮ್ಮ ಚಪ್ಪಲಿ ನೋಡುತ್ತ ಕೂತರು. ನಾನಾದರೂ ಸುಮ್ಮನಿರಬಾರದೇ? “ನಮ್ಮ ಮನಿ ಮುಂದ ಇಡ್ರಿ. ಹೆಂಗೂ ನನ್ನ ಜೋಕಿಗೆ ಮಂದಿ ಮೂಗು ಮುಚ್ಚಿಕೋತಾರ” ಎಂದೆ. ಯಾರೂ ನಗಲಿಲ್ಲ, ಚಪ್ಪಾಳೆ ತಟ್ಟಿದರು. ಪಕ್ಕದ ಮನೆಯ ಕಾಶಪ್ಪ ತನ್ನ ಟವೆಲ್ಲನ್ನೇ ಶಾಲಿನಂತೆ ಹೊದಿಸಿ ಸನ್ಮಾನ ಮಾಡಿಬಿಟ್ಟ.

ಹೆಂಡತಿ ಸುನಂದಾ ಮನೆಯ ಮುಂಬಾಗಿಲಲ್ಲೇ ರೊಟ್ಟಿ ಮಾರುತ್ತಾಳೆ. “ಕಸದ ಡಬ್ಬಿ ದಾಟಿ ಬಂದು ರೊಟ್ಟಿ ಯಾರ ಒಯ್ತಾರ್ರಿ? ಚಾಷ್ಟಿ ಮಾಡಿದ್ದೆ, ಬರೇ ಜೋಕ್ ಅದು ಅಂತ ಹೇಳಿ ಬರ್ರಿ, ಹೋಗ್ರಿ!” ಎಂದಳು. ವಾರ್ಡ್ ಸದಸ್ಯರಿಗೆ ಹಾಗೆ ಹೇಳಲೆಂದೇ ಸಂಜೆ ಹೊರಟೆ.

ದಾರಿಯಲ್ಲಿ ದುರಗವ್ವನ ಮನೆ. ಇಷ್ಟು ವರ್ಷ ನಾವೆಲ್ಲ ಕಸ ಸುರಿದದ್ದು ಅವಳ ಬಾಗಿಲೆದುರಿಗೇ. ಮಧ್ಯಾಹ್ನ ನಗರಸಭೆಯ ಗಾಡಿ ಆ ತಿಪ್ಪೆಯನ್ನು ಎತ್ತಿಕೊಂಡು ಹೋಗಿತ್ತು. ಅದೇ ಜಾಗವನ್ನು ಸಾರಿಸಿ, ಹೊರಸು ಹಾಕಿಕೊಂಡು ಕೂತಿದ್ದಳು. “ಬರ್ರಿ ಸರ, ಇವತ್ತ ಹೊರಗ ಕುಂತು ಚಾ ಕುಡ್ಯೂಣು” ಎಂದಳು.

“ಹೇಳಿ ಬಂದ್ರ್ಯಾ?” ಎಂದಳು ಸುನಂದಾ, ನಾನು ಮನೆಗೆ ಮರಳಿದಾಗ.

“ಚಾ ಕುಡದ ಬಂದೆ.”

ಬೆನ್ನು ತಿರುಗಿಸಿ ಮಲಗಿದ್ದಾಳೆ. ಬೆಳಿಗ್ಗೆ ಡಬ್ಬಿ ಬರುತ್ತದೆ. ಅದಕ್ಕೂ ಮೊದಲು ಸುನಂದಾಳನ್ನು ದುರಗವ್ವನ ಆ ಹೊರಸಿನ ಮೇಲೆ ಒಂದು ಗಳಿಗೆ ಕೂರಿಸಬೇಕು. ಆಮೇಲೂ ಡಬ್ಬಿ ಬೇಡವೆಂದರೆ ನಾನು ಏನು ಮಾಡಬೇಕೋ, ನನಗೇ ಗೊತ್ತಿಲ್ಲ.